ಖಾರದ ಕೆಮ್ಮು, ಬೀಗತಿಯ ಬಾಣಂತನ

ಕೊರೊನಾದ ಎರಡನೇ ಅಲೆ ಬಂದ ಆ ಬೇಸಿಗೆಯಲ್ಲಿ ತುಕ್ಕಾನಟ್ಟಿಯ ನಮ್ಮ ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಹೆದರಬೇಡಿ, ಅದು ರೋಗದ ಕೆಮ್ಮಲ್ಲ, ಖಾರದ ಕೆಮ್ಮು. ನಮ್ಮ ಕಡೆ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಟ್ಟುಕೊಳ್ಳುತ್ತಾರೆ. ಮೆಣಸಿನಕಾಯಿ ಹುರಿಯಬೇಕು, ಒಣಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಎಣ್ಣೆಯಲ್ಲಿ ಕರಿಯಬೇಕು, ಎಲ್ಲ ಕೂಡಿಸಿ ಗಿರಣಿಯಲ್ಲಿ ಕುಟ್ಟಿಸಿ ತರಬೇಕು. ಒಬ್ಬರು ಹುರಿದರೆ ಸುತ್ತಲಿನ ಮನೆಯವರೆಲ್ಲ ಸೀನುತ್ತಾರೆ. ಜಗತ್ತೇ ಒಂದು ಸೀನಿಗೆ ಬೆಚ್ಚಿಬೀಳುತ್ತಿದ್ದಾಗ ನಾವು ಮಾತ್ರ ಧಾರಾಳವಾಗಿ ಸೀನಿಕೊಂಡು ಕೂತಿದ್ದೆವು. ಮನೆಮನೆಗೆ ಬಂದು ಜ್ವರ ಕೆಮ್ಮು ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆ ನಮ್ಮ ಅಂಗಳಕ್ಕೆ ಬಂದವಳು ಮಾಸ್ಕಿನೊಳಗೇ ಸೀನಿ ಸೀನಿ ಸುಸ್ತಾದಳು.

“ಯಾರಿಗೆ ಜಡ್ಡಿನ ಕೆಮ್ಮ, ಯಾರಿಗೆ ಮೆಣಸಿನಕಾಯಿ ಕೆಮ್ಮ, ನಾ ಹೆಂಗ ತಿಳಕೊಳ್ಳಲಿ ಯಕ್ಕಾ?” ಎಂದು ಕಣ್ಣೊರೆಸಿಕೊಂಡಳು.

“ನಮ್ಮನ್ಯಾಗ ಎಲ್ಲಾ ಮೆಣಸಿನಕಾಯಿದ ಐತಿ, ಹಂಗ ಬರಕೊಂಡ ಹೋಗವ್ವಾ” ಎಂದು ನಾನೇ ದೊಡ್ಡ ಡಾಕ್ಟರಮ್ಮನಂತೆ ಹೇಳಿ ಕಳಿಸಿದೆ.

ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣವಿತ್ತು. ನಮ್ಮ ಮನೆಗೆ ರೋಗ ಬರುವಂತಿರಲಿಲ್ಲ. ಬರಕೂಡದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನನ್ನ ಒಬ್ಬಳೇ ಮಗಳು, ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ ಕೊಟ್ಟವಳು, ದಿನ ತುಂಬಿಸಿಕೊಂಡು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದು ಕೂತಿದ್ದಳು. ಅವಳ ಬಾಣಂತನ ನನ್ನ ಕೈಯಾರೆ ಆಗಬೇಕು, ಇದೊಂದೇ ನನ್ನ ಆಸೆ. ಅವಳಿಗೆ ಮದುವೆಯಾದಾಗಿನಿಂದ ಹಳೆ ಮೆತ್ತನೆ ಸೀರೆಗಳನ್ನು ಯಾರಿಗೂ ಕೊಡದೆ ಕೂಡಿಟ್ಟು ಕೂಸಿಗೆಂದು ಕೌದಿ ಹೊಲಿದಿದ್ದೆ. ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ಗೋಕಾಕದ ಸಂತೆಯಿಂದ ಅಂಟು, ಉತ್ತತ್ತಿ, ಗಸಗಸೆ ತರಿಸಿ ಡಬ್ಬಿ ತುಂಬಿದ್ದೆ. ಕೂಸು ಬರುವುದೊಂದೇ ಬಾಕಿ.

ಇಷ್ಟೆಲ್ಲ ಹಟಕ್ಕೆ ಇನ್ನೊಂದು ಕಾರಣ ನನ್ನ ಬೀಗತಿ, ಅಂದರೆ ಅಳಿಯನ ತಾಯಿ. ಹೆದ್ದಾರಿ ಬಾಜೂಕಿನ ಊರಿನವರು, ಅರ್ಧ ಮರಾಠಿ ಅರ್ಧ ಕನ್ನಡ ಮಾತು, ಒಂದೊಂದು ಮಾತೂ ಗುಂಡು ಹೊಡೆದಂತೆ. ನಿಶ್ಚಯದ ದಿನ ನಾನು ಮುಂಜಾನೆಯಿಂದ ನಿಂತು ಮಾಡಿದ ಕಟ್ಟಿನ ಸಾರನ್ನು ಒಂದು ಗುಟುಕು ಹೀರಿ, “ಛಲೋ ಐತ್ರಿ, ಆದ್ರ ಸಪ್ಪಗೈತಿ” ಎಂದಿದ್ದರು. ಅವತ್ತಿನಿಂದ ಅವರಿಗೂ ನನಗೂ ಮಾತಿತ್ತು, ಸಲಿಗೆ ಇರಲಿಲ್ಲ. ನನ್ನ ಮಗಳ ಬಾಣಂತನ ಹೇಗೆ ಮಾಡುತ್ತೇನೆ ಬಂದು ನೋಡಲಿ ಎಂದು ಹಲ್ಲು ಕಡಿದುಕೊಂಡು ಕಾಯುತ್ತಿದ್ದೆ.

ಆಶಾ ಕಾರ್ಯಕರ್ತೆಯನ್ನು ಸಾಗಹಾಕಿದ ಮಾರನೆಯ ದಿನವೂ ಹುರಿಯುವ ಕೆಲಸ ನಡೆದಿತ್ತು. ಮೈಕೈ ನೋಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಒಲೆಯ ಮುಂದೆ ಕೂತರೆ ಇನ್ನೇನಾಗುತ್ತದೆ ಎಂದುಕೊಂಡು ಕೊಬ್ಬರಿ ಕೈಯಾಡಿಸುತ್ತಿದ್ದೆ. ಆಗ ಒಳಕೋಣೆಯಿಂದ ಮಗಳು ಕೂಗಿದಳು.

“ಅವ್ವಾ, ಕೊಬ್ಬರಿ ಹೊತ್ತಾಕತ್ತೈತಿ! ಏನ್ ಮಾಡಾಕತ್ತಿ ಅಲ್ಲೆ?”

ಬಾಣಲೆ ನೋಡಿದೆ. ಕೊಬ್ಬರಿ ಕರ್ರಗಾಗಿ ಹೊಗೆಯಾಡುತ್ತಿತ್ತು. ಎರಡು ಗೋಡೆ ದಾಟಿ ಅವಳಿಗೆ ಬಂದ ವಾಸನೆ ಅದರ ಮೇಲೇ ಬಾಗಿ ಕೂತ ನನಗೆ ಬಂದಿರಲಿಲ್ಲ. ಬಳ್ಳೊಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ಇಲ್ಲ. ಇಂಗಿನ ಡಬ್ಬಿಯಲ್ಲಿ ಮೂಗು ತೂರಿಸಿ ಜೋರಾಗಿ ಎಳೆದೆ. ಮಣ್ಣಿನ ಹೆಂಟೆ ಮೂಸಿದಂತಾಯಿತು. ಹಾಗಾದರೆ ಇದು ಖಾರದ ಕೆರೆತವಲ್ಲ, ಕೊರೊನಾ. ಬೆಳಿಗ್ಗೆ ತಾನೇ ಇದೇ ಕೈಯಿಂದ ಮಗಳ ಹೆರಳು ಹಾಕಿದ್ದೆ, ಅವಳ ಬೆನ್ನಿಗೆ ಎಣ್ಣೆ ತಿಕ್ಕಿದ್ದೆ. ದೇವರೇ, ಅವಳಿಗೆ ಏನಾದರೂ ಆದರೆ ನಾನು ಬದುಕಿ ಏನು ಮಾಡಲಿ ಅನ್ನಿಸಿತು.

ಸೆರಗು ಬಾಯಿಗೆ ಒತ್ತಿಕೊಂಡು ಎದ್ದವಳು ಸೀದಾ ಅಂಗಳ ದಾಟಿ ಎದುರಿಗಿದ್ದ ಎಮ್ಮೆ ಕಟ್ಟುವ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತಿದ್ದ ನಮ್ಮ ಯಜಮಾನರು ಗಾಬರಿಯಾದರು.

“ಏ, ಅಲ್ಲೆ ಯಾಕ ಹೊಂಟಿ? ಹಾಲ್ ಹಿಂಡೂ ಹೊತ್ತಲ್ಲ ಇದು!”

“ಹಾಲ್ ಹಿಂಡಾಕಲ್ರಿ, ಇರಾಕ! ನನಗ ಇಂಗಿನ ವಾಸನಿ ಬರವಲ್ದು. ಒಲಿ ಆರಸ್ರಿ, ಒಳಗಿನ ಬಾಗಲಾ ಹಾಕ್ರಿ, ಆಕಿನ್ನ ಹೊರಗ ಬಿಡಬ್ಯಾಡ್ರಿ!”

ಮೂಡಲಗಿಯ ಆಸ್ಪತ್ರೆಗೆ ಹೋಗಿ ಮೂವರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆವು. ಮಗಳು ಮತ್ತು ಅವಳಪ್ಪ ಕಾರಿನಲ್ಲಿ, ನಾನು ಬೇರೆಯಾಗಿ ಟಂಟಂ ಗಾಡಿಯ ಹಿಂದೆ. ಇಂಗಿನ ಡಬ್ಬಿ ಹೇಳಿದ್ದನ್ನು ಆಸ್ಪತ್ರೆಯವರು ಹೇಳುವವರೆಗೆ ಕಾಯಬೇಕಲ್ಲ, ಆ ಕಾಯುವ ದಿನಗಳು ರೋಗಕ್ಕಿಂತ ಕೆಟ್ಟವು. ಮಗಳು ಕೆಮ್ಮಿದಳೇ? ಕೆಮ್ಮಿದರೆ ಅದು ಯಾವ ಕೆಮ್ಮು? ಎದುರು ಮನೆಯವರು ಮೆಣಸಿನಕಾಯಿ ಹುರಿಯುತ್ತಿದ್ದಾರೋ ಇಲ್ಲವೋ? ನನಗೆ ವಾಸನೆ ಬಾರದು, ಹಾಗಾಗಿ ಎಮ್ಮೆ ಮನೆಯ ಬಾಗಿಲಲ್ಲಿ ನಿಂತು, “ಯಾರರ ಖಾರಾ ಹುರ್ಯಾಕತ್ತೀರೇನ್ರೇ?” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಹೂಂ ಅಂದರೆ ಜೀವ ಬಂದಂತಾಗುತ್ತಿತ್ತು. ಪಕ್ಕದ ಮನೆಯವಳು ಕಡೆಗೆ ನನ್ನ ಸಮಾಧಾನಕ್ಕೆಂದೇ ಹುರಿಯದಿದ್ದರೂ ಹೂಂ ಅನ್ನತೊಡಗಿದ್ದಳೆಂದು ಆಮೇಲೆ ತಿಳಿಯಿತು. ಎಂಥ ಪುಣ್ಯಾತಗಿತ್ತಿ!

ನನ್ನ ಜೊತೆಗಿದ್ದದ್ದು ಎಮ್ಮೆ ಒಂದೇ. ಅಜಿವಾನದ ಹಬೆ ತೆಗೆದುಕೊಳ್ಳಲು ನಾನು ಮುಸುಕು ಹಾಕಿಕೊಂಡರೆ ಅದು ಹಗ್ಗ ಜಗ್ಗಿ ದೂರ ಸರಿಯುತ್ತಿತ್ತು. ಅಂತರ ಕಾಪಾಡುವುದನ್ನು ಯಾರು ಅದಕ್ಕೆ ಕಲಿಸಿದರೋ. ಜ್ವರ ಏರಿದಾಗ ಅದರ ಕುತ್ತಿಗೆಯ ಗಂಟೆಯ ಸದ್ದೇ ನನಗೆ ಧೈರ್ಯ.

ಫಲಿತಾಂಶ ಬಂತು. ನಮ್ಮ ಯಜಮಾನರು ಅಂಗಳದ ನಡುವೆ ನಿಂತು ಮೊಬೈಲು ದೂರ ಹಿಡಿದು ಓದಿದರು. ನನಗೆ ರೋಗವಿತ್ತು, ಅವರಿಗೂ ಮಗಳಿಗೂ ಇರಲಿಲ್ಲ. ನಾನು ಕೈಯೆತ್ತಿ ಕುಣಿದೆ.

“ನನಗ ಬಂದೈತಂತ್ರೇ! ಆಕಿಗಿ ಬಂದಿಲ್ಲಂತ!” ಎಂದು ಓಣಿಗೆ ಸಾರಿದೆ. ಕೊರೊನಾ ಬಂದದ್ದಕ್ಕೆ ಅಷ್ಟು ಖುಷಿಪಟ್ಟವರು ಜಿಲ್ಲೆಯಲ್ಲೇ ಇನ್ನೊಬ್ಬರು ಇರಲಿಕ್ಕಿಲ್ಲ.

ಕುಣಿದು ಕೂತ ಮೇಲೆ ದುಃಖ ಬಂತು. ಇಂದೋ ನಾಳೆಯೋ ಹೆರಿಗೆ. ನಾನು ಇಲ್ಲಿ ಎಮ್ಮೆಯ ಬಾಜೂಕೆ. ಯಜಮಾನರು ಚಹಾ ಕಾಯಿಸಿದರೆ ಅದು ಚಹಾ ಎಂದು ಹೇಳಿ ಕೊಡಬೇಕು, ಅಂಥವರು ಬಾಣಂತಿಗೆ ಏನು ಮಾಡಿಯಾರು? ನಮ್ಮ ಮನೆಗೆ ಕಾಲಿಡಲು ಸಂಬಂಧಿಕರೆಲ್ಲ ಹೆದರುತ್ತಿದ್ದರು. ಅವರದೂ ತಪ್ಪಲ್ಲ ಬಿಡಿ. ಮಗಳು ನನಗೆ ತಿಳಿಸದೆ ಅತ್ತೆಗೆ ಫೋನು ಮಾಡಿದಳು.

ಮರುದಿನ ಮಧ್ಯಾಹ್ನ ಅಳಿಯನ ಬೈಕಿನ ಹಿಂದಿನಿಂದ ಬೀಗತಿ ಇಳಿದರು. ಮುಖಕ್ಕೆ ಎರಡು ಮಾಸ್ಕು, ತೊಡೆಯ ಮೇಲಿಟ್ಟುಕೊಂಡು ಬಂದ ದೊಡ್ಡ ಸ್ಟೀಲಿನ ಡಬ್ಬಿ. ಹುಕ್ಕೇರಿಯ ಹತ್ತಿರ ಪೊಲೀಸರು ತಡೆದು ಎಲ್ಲಿಗೆ ಎಂದರಂತೆ. “ಸೊಸಿ ಬಾಣಂತನಾ ಮಾಡಾಕ ಹೊಂಟೇನಿ. ನೀನ ಬಂದು ಬಾಣಂತನಾ ಮಾಡ್ತೀ ಅಂದ್ರ ನಾ ತಿರಗಿ ಹೊಕ್ಕೇನಿ” ಎಂದರಂತೆ ಇವರು. ಪೊಲೀಸಪ್ಪ ಕೈಮುಗಿದು ಬಿಟ್ಟ.

ತವರುಮನೆಯಲ್ಲಿ ಅತ್ತೆ ಬಂದು ಬಾಣಂತನ ಮಾಡುವುದನ್ನು ನಾನು ಕಂಡಿಲ್ಲ, ಕೇಳಿಲ್ಲ. ಊರವರೂ ಕಂಡಿರಲಿಲ್ಲ. ಬೀಗತಿ ಅಂಗಳದಲ್ಲಿ ನಿಂತು ನನ್ನತ್ತ ನೋಡಿ, “ಹೆಂಗದೀರಿ?” ಎಂದರು.

“ಹಿಂಗ ಅದೇನಿ. ಡಬ್ಬ್ಯಾಗ ಏನೈತ್ರಿ?”

“ಅಂಟಿನ ಉಂಡಿ.”

“ಅದು ತವರವರು ಕಟ್ಟೂದ್ರಿ!” ಜ್ವರದಲ್ಲೂ ನನ್ನ ದನಿ ಏರಿತ್ತು.

“ತವರವರು ಎಮ್ಮಿ ಸಂಗಾಟ ಕುಂತಾರಲ್ಲ, ಏನ್ ಮಾಡೂದು?” ಎಂದು ಅವರು ಸೆರಗು ಸಿಕ್ಕಿಸಿ ನನ್ನ ಅಡುಗೆಮನೆಗೆ ನಡೆದರು. ಸಿಟ್ಟು ಬಂತು, ಹಿಂದೆಯೇ ನಗು ಬಂತು, ನಕ್ಕರೆ ಕೆಮ್ಮು ಬಂತು.

ಒಂದು ಬೆಳಿಗ್ಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಗಾಡಿ ಬಂತು. ಹೊಟ್ಟೆ ಹಿಡಿದು ಹತ್ತುವಾಗ ಅವಳು “ಅವ್ವಾ” ಎಂದು ನನ್ನ ಕಡೆ ತಿರುಗಿದಳು. ನಾನು ಎಮ್ಮೆ ಮನೆಯ ಹೊಸ್ತಿಲು ದಾಟಲಿಲ್ಲ. ಕಂಬ ಹಿಡಿದುಕೊಂಡು, “ಹೋಗಿ ಬಾ ನನ್ನವ್ವಾ, ಏನೂ ಆಗಂಗಿಲ್ಲ” ಎಂದೆ. ಬೀಗತಿ ಅವಳನ್ನು ತೋಳಿನಲ್ಲಿ ಬಳಸಿಕೊಂಡು ಕೂತರು. ಗಾಡಿ ಗೋಕಾಕದ ದಾರಿ ಹಿಡಿದ ಮೇಲೆ ನಾನು ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ಅತ್ತುಬಿಟ್ಟೆ. ಹೆತ್ತ ಮಗಳು ಹೆರಲು ಹೊರಟಾಗ ಬೆನ್ನು ಸವರಲೂ ಆಗದ ಈ ಕೈ ಯಾಕೆ ಬೇಕು ಅನ್ನಿಸಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಬೀಗತಿಯ ಫೋನು ಬಂತು.

“ಹೆಣ್ಣು! ತಾಯಿ ಮಗಳು ಆರಾಮ ಅದಾರ. ಅಳಬ್ಯಾಡ್ರಿ ಮತ್ತ, ಆಕ್ಸಿಜನ್ ಕಮ್ಮಿ ಆಕ್ಕೈತಿ” ಎಂದರು. ಅವರ ದನಿಯೇ ನಡುಗುತ್ತಿತ್ತು.

ಕೂಸು ಮನೆಗೆ ಬಂದ ಮೇಲೆ ನನ್ನ ಬಾಣಂತನವೂ ಶುರುವಾಯಿತು, ದೂರದಿಂದ. ಬೆಳಿಗ್ಗೆ ಬಿಸಿಲು ಬಿದ್ದ ಅಂಗಳದ ಕಟ್ಟೆಯ ಮೇಲೆ ಬೀಗತಿ ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ನಾನು ಎಮ್ಮೆ ಮನೆಯ ಕಿಟಕಿಯಿಂದ ಹುಕುಂ ಕೊಡುತ್ತಿದ್ದೆ.

“ಮೂಗ ತಿದ್ದರಿ, ಮೂಗ! ಚಪ್ಪಟಿ ಐತಿ!”

“ನಮ್ಮ ಮನಿತನದ ಮೂಗ ಐತ್ರಿ ಇದು, ಎಷ್ಟ ತಿದ್ದಿದ್ರೂ ಹಿಂಗ ಇರತೈತಿ.”

“ನೀರ ಬಿಸಿ ಆತೇನ್ ನೋಡ್ರಿ!”

“ನೋಡೇನ್ರಿ. ನೀವ ಸುಮ್ ಕುಂದ್ರರಿ!”

ಮಗಳು ಒಳಗಿಂದ ನಗುತ್ತಿದ್ದುದು ಕೇಳುತ್ತಿತ್ತು. ಎರಡು ಗಟ್ಟಿ ಗಂಟಲಿನ ನಡುವೆ ಕೂಸು ಮಾತ್ರ ನೆಮ್ಮದಿಯಾಗಿ ಆಕಳಿಸುತ್ತಿತ್ತು.

ಜ್ವರ ಬಿಟ್ಟಿತು. ಇನ್ನು ಒಳಗೆ ಹೋಗಬಹುದು ಎಂದು ಡಾಕ್ಟರು ಹೇಳಿದ ದಿನ ನಾನು ತಲೆಗೆ ಎರೆದುಕೊಂಡು, ಮಡಿ ಸೀರೆ ಉಟ್ಟು ಅಂಗಳ ದಾಟಿದೆ. ಪಡಸಾಲೆಯಲ್ಲಿ ಬೀಗತಿಯ ಕೈಚೀಲ ಕಟ್ಟಿ ಸಿದ್ಧವಾಗಿತ್ತು. ತೊಳೆದ ಸ್ಟೀಲಿನ ಡಬ್ಬಿಯೂ ಅದರ ಪಕ್ಕದಲ್ಲಿತ್ತು. ಸರಿ, ಇನ್ನು ನನ್ನ ಮನೆ, ನನ್ನ ಮಗಳು ಎಂದು ನಾನು ಒಳಗೊಳಗೇ ಹಿಗ್ಗಿದೆ. ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ಅವರು ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದರು. ಮಲಗಿಸಿದವರು ಕೈ ತೆಗೆಯಲಿಲ್ಲ.

“ಇಷ್ಟ ದಿನಾ ನಿಮ್ಮ ಪಾಲಿಂದ ನಾ ಕಸಗೊಂಡೇನ್ರಿ” ಎಂದರು. ತಲೆ ತಗ್ಗಿಸಿದ್ದರು. “ನಿಮಗ ಜಡ್ಡ ಬರಲಿ ಅಂತ ನಾ ಬೇಡಿಲ್ಲ, ದೇವರಾಣಿ. ಆದ್ರ ಬಂದಾಗ ಒಂದ್ ಕ್ಷಣಾ ಖುಷಿ ಆತ್ರಿ ನನಗ. ಖರೆ ಹೇಳ್ತೇನಿ. ನನಗ ಹುಟ್ಟಿದವು ಮೂರೂ ಗಂಡಹುಡ್ರು. ಬಾಣಂತನಾ ಮಾಡೂದು ನನಗೆಲ್ಲಿತ್ತು?”

ಅವರಿಗೆ ಹೆಣ್ಣುಮಕ್ಕಳಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಸಂಬಂಧ ನೋಡುವಾಗ, ನಾದಿನಿಯರ ಕಾಟವಿಲ್ಲ, ಬಹಳ ಛಲೋ ಆಯಿತು ಎಂದು ನಾನೇ ಮನೆತುಂಬ ಹೇಳಿಕೊಂಡು ತಿರುಗಿದ್ದೆ. ಕಣ್ಣೀರು ಸುರಿದು ಕೂಸಿನ ಹೊಟ್ಟೆಯ ಮೇಲೆ ಬಿತ್ತು, ಅದು ಚೀರತೊಡಗಿತು.

“ನೀರ ತರ್ರಿ, ಎಷ್ಟೊತ್ತಂತ ಬರಿಮೈಲೆ ಮಲಗಿಸಿಕೊಂಡಿರೂದು ಕೂಸಿನ್ನ?” ಎಂದು ಗದರಿದೆ. ಆಮೇಲೆ ಒಳಗೆ ನಮ್ಮ ಯಜಮಾನರಿಗೆ ಕೇಳುವಂತೆ ಕೂಗಿದೆ: “ಏನ್ರೀ, ಬೀಗತ್ಯಾರ ಚೀಲಾ ಬಿಚ್ಚಿ ಸೀರಿ ನನ್ನ ಟ್ರಂಕಿನ್ಯಾಗ ಇಡ್ರಿ. ಕೂಸಿಗೆ ಐದ್ ತಿಂಗಳಾಗೂ ಮಟಾ ಅವರ ಎಲ್ಲೂ ಹೋಗಾಂಗಿಲ್ಲ.”