ಆಗಸ್ಟಿನಲ್ಲಿ ಹೀಟರ್

ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಪಾಸಾಗಿದ್ದೆ, ನನ್ನ ಗಂಡ ಫೇಲಾಗಿದ್ದರು. ಹಾಗಾಗಿ ಆ ಆಗಸ್ಟಿನ ಶುಕ್ರವಾರ ದುಬೈಯ ಕರಾಮದಲ್ಲಿ ಹಳೆಯ ಕಾರೊಂದನ್ನು ನೋಡಲು ಹೋದಾಗ ಸ್ಟಿಯರಿಂಗ್ ಹಿಡಿದವಳು ನಾನು, ಬೆಲೆ ಮಾತಾಡಬೇಕಾದವರು ಇವರು. ಅಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಸ್ವಂತ ಗಾಡಿ ಇದ್ದರೆ ಮಾತ್ರ ಬನ್ನಿ ಎಂದು ಅವರು ಮೊದಲೇ ಹೇಳಿದ್ದರು.

ಕಾರಿನ ಯಜಮಾನರು ಭಟ್ಕಳದ ಹಿರಿಯ ವ್ಯಾಪಾರಿ, ಒಬ್ಬ ಸಾಹೇಬರು. ಎಂಟು ಸಾವಿರ ದಿರ್ಹಮ್ ಎಂದರು. ಊರ ಕಡೆಯವರು ಎಂದ ಕೂಡಲೇ ಚೌಕಾಸಿ ಮಾಡಲು ಇವರಿಗೆ ನಾಲಿಗೆಯೇ ಏಳುವುದಿಲ್ಲ. ತಲೆಯಾಡಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸಾಹೇಬರನ್ನು ಹಿಂದೆ ಕೂರಿಸಿಕೊಂಡು ಒಂದು ದೊಡ್ಡ ಸುತ್ತು ಓಡಿಸಿದೆ. ಗಾಡಿ ಚೆನ್ನಾಗಿಯೇ ಓಡಿತು. ಇವರು "ಒಂದು ಚಾ ಕುಡಿಯುವ" ಎಂದಾಗ ಕೆಫೆಟೇರಿಯಾದ ಎದುರು ನಿಲ್ಲಿಸಿ ಹಾರ್ನ್ ಹೊಡೆದೆ. ಚಾ ಕಾರಿಗೇ ಬಂತು.

ಹಿಂದಿನ ಸೀಟಿನಿಂದ ಸಾಹೇಬರು, "ಇಂಜಿನ್ ಬಂದ್ ಮಾಡಿ ಅಮ್ಮಾ. ಪೆಟ್ರೋಲ್ ಯಾಕೆ ಸುಮ್ಮನೆ?" ಎಂದರು.

ಕೀಲಿಗೆ ಹೋದ ಕೈ ಅಲ್ಲೇ ನಿಂತಿತು. ದುಬೈಯಲ್ಲಿ, ಆಗಸ್ಟಿನಲ್ಲಿ, ಏಸಿ ಆರಿಸಿ ಕಾರಿನೊಳಗೆ ಚಾ ಕುಡಿಯುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇರಲಿ ಸಾಯ್ಬ್ರೆ, ಸೆಕೆ" ಎಂದೆ.

ಡ್ಯಾಶ್‌ಬೋರ್ಡಿನಲ್ಲಿ ಟೆಂಪರೇಚರ್ ಮುಳ್ಳು ನಡುವಿನಿಂದ ಮೆಲ್ಲಗೆ ಮೇಲೇರತೊಡಗಿತು. ನಾನು ಮುಳ್ಳನ್ನು ನೋಡುತ್ತಿದ್ದೆ, ಸಾಹೇಬರು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು. ಇವರು ಮಾತ್ರ ಚಾ ಊದುತ್ತಿದ್ದರು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಾಗ ಸಾಹೇಬರಿಗೇ ತಡೆಯಲಾಗಲಿಲ್ಲ.

"ಏಸಿ ಬಂದ್ ಮಾಡಿ. ಹೀಟರ್ ಹಾಕಿ, ಫುಲ್. ಇಂಜಿನ್ನಿನ ಬಿಸಿ ಒಳಗೆ ಬರಲಿ. ಯಲ್ಲಾ, ಗಾಡಿ ಎತ್ತಿ."

ಆ ಬಿಸಿಲಿನಲ್ಲಿ ಹೀಟರ್ ಹಾಕಿ, ಗಾಜು ಇಳಿಸಿ ಹೊರಟೆವು. ಮೊದಲ ಸಿಗ್ನಲಿನಲ್ಲಿ ಸಾಹೇಬರು "ಆರು ಕೊಡಿ" ಎಂದರು. ಎರಡನೆಯದರಲ್ಲಿ "ಐದು." ಇವರು ಬೆವರು ಒರೆಸಿಕೊಳ್ಳುತ್ತ ಆಸೆಯಿಂದ ನನ್ನ ಮುಖ ನೋಡಿದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಬೇಡವೆಂದರೆ ಕೆಲಸ ಹೋಯಿತು. ಬೇಕೆಂದರೆ ಶೇಖ್ ಜಾಯೆದ್ ರಸ್ತೆಯ ನಡುವೆ, ಲಾರಿಗಳ ಮಧ್ಯೆ, ಹೊಗೆಯೇಳುವ ಗಾಡಿಯಲ್ಲಿ ನಾನೊಬ್ಬಳೇ. ಅತ್ತ ದರಿ, ಇತ್ತ ಪುಲಿ.

ಸಾಹೇಬರ ಕಟ್ಟಡದ ಕೆಳಗೆ ನಿಲ್ಲಿಸಿ ತಿರುಗಿ ಕುಳಿತೆ. "ನೀವು ಇದರಲ್ಲಿ ಹೇಗೆ ಓಡಾಡ್ತಿದ್ರಿ ಸಾಯ್ಬ್ರೆ?"

ಸಾಹೇಬರು ನನ್ನ ಸೀಟಿಗೆ ಕೈಯೂರಿ ಮುಂದೆ ಬಾಗಿದರು. "ನಿಂತರೆ ಮಾತ್ರ ಬಿಸಿ ಆಗುದು ಅಮ್ಮಾ, ಓಡುವಾಗ ಇಲ್ಲ. ಬೆಳಿಗ್ಗೆ ಐದಕ್ಕೆ ಹೊರಡ್ತಿದ್ದೆ, ಆಗ ಟ್ರಾಫಿಕ್ ಇರುದಿಲ್ಲ. ಸಿಗ್ನಲ್ ಬಿದ್ದರೆ ಹೀಟರ್."

"ಮೂರು" ಎಂದೆ.

ಇವರು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡಿದರು. ಸಾಹೇಬರು ಕರವಸ್ತ್ರ ತೆಗೆದು ಮುಖ, ಕುತ್ತಿಗೆ ಎಲ್ಲ ಒರೆಸಿಕೊಂಡರು.

"ಖಲಾಸ್. ಕೊಂಡುಹೋಗಿ."

ಶನಿವಾರ ಕಾರನ್ನು ನನ್ನ ಹೆಸರಿಗೆ ಮಾಡಿಸಿದೆವು. ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟೆ. ಇವರು ಕಾರಿನ ಹಿಂದೆಯೇ ನಾಲ್ಕು ಹೆಜ್ಜೆ ನಡೆದು ಬಂದು ನಿಂತರು. ದಾರಿಯಲ್ಲಿ ಯಾವುದೋ ಅಪಘಾತವಾಗಿ, ಆ ಹೊತ್ತಿನಲ್ಲೂ ವಾಹನಗಳು ಸಾಲುಗಟ್ಟಿ ನಿಂತಿದ್ದವು.

ಗೋದಾಮಿನ ಗೇಟು ಇನ್ನೂ ತೆರೆದಿರಲಿಲ್ಲ. ಅದರೆದುರು ನಿಲ್ಲಿಸುವಷ್ಟರಲ್ಲಿ ಇವರ ಫೋನ್ ಬಂತು. ತಲುಪಿದೆಯಾ ಎಂದು ಕೇಳಲಿಲ್ಲ.

"ಮುಳ್ಳು ಎಲ್ಲಿದೆ?"

"ನಡುವಿನಲ್ಲೇ ಇದೆ" ಎಂದೆ. ಹೀಟರ್ ಆರಿಸಿ, ಬೆವರಿಗೆ ಒದ್ದೆಯಾದ ಚೂಡಿದಾರ್ ಬದಲಿಸಲು ಬ್ಯಾಗಿನಿಂದ ಇನ್ನೊಂದನ್ನು ತೆಗೆದೆ.