ಕೋಲಿನ ಹೊಕ್ಕಳ ಹುಡುಕುವ ಮೌನಪ್ಪ

“ಎಲ್ಲಿ ಸತ್ತದ ಇದರ ಹೊಕ್ಕಳ?”

ಕೇಳಿಸಿಕೊಳ್ಳಲು ಯಾರೂ ಇಲ್ಲ. ರಾಯಚೂರು ಕೋಟೆಗೋಡೆಗೆ ಆತುಕೊಂಡ ತಗಡಿನ ಚಪ್ಪರದೊಳಗೆ ಬೆಳಕಿನ್ನೂ ಪೂರ್ತಿ ಹರಿದಿಲ್ಲ. ತೊಲೆಯಿಂದ ಇಳಿಬಿಟ್ಟ ನೂಲಿನ ಕುಣಿಕೆಯಲ್ಲಿ ಬಿಲಿಯರ್ಡ್ಸ್ ಆಡುವ ಕೋಲೊಂದು ತೂಗುತ್ತಿದೆ. ಮೌನಪ್ಪ ಕುಣಿಕೆಯನ್ನು ಕೂದಲೆಳೆಯಷ್ಟು ಸರಿಸಿ ಕೈಬಿಡುತ್ತಾರೆ. ಕೋಲಿನ ಮೂತಿ ಮತ್ತೆ ನೆಲ ನೋಡುತ್ತದೆ. ಮೌನಪ್ಪ ಅದನ್ನು ಬೈಯುತ್ತಾರೆ, ಇಳಿಸುತ್ತಾರೆ, ಹಿಡಿಯ ಬುಡಕ್ಕೆ ಬೈರಿಗೆ ಇಡುತ್ತಾರೆ.

ಕೋಲು ಎಲ್ಲಿ ಹಿಡಿದರೆ ಅತ್ತಿತ್ತ ವಾಲದೆ ನಿಲ್ಲುತ್ತದೋ ಅದೇ ಅದರ ಹೊಕ್ಕಳ. ಬುಡದಿಂದ ಒಂದು ಮೊಳ ಮೇಲೆ ಅದು ಸಿಗಬೇಕು. ಸಿಗದಿದ್ದರೆ ಬುಡ ಕೊರೆದು ಸೀಸ ಇಳಿಸಬೇಕು. ವಿಲಾಯಿತಿಯಲ್ಲಿ ಯುದ್ಧ ಶುರುವಾದಂದಿನಿಂದ ಅಲ್ಲಿಯ ಕೋಲೂ ಇಲ್ಲ, ಪೇಟೆಯಲ್ಲಿ ಸೀಸವೂ ಇಲ್ಲ. ಕೃಷ್ಣೆಯ ಬಲೆಗಾರರು ಬಿಸಾಡಿದ ಸೀಸದ ಬಲೆಗುಂಡುಗಳನ್ನು ತಂದು, ಕಾಸಿ, ಬೆರಳಿನಂತೆ ಬಡಿದು ಒಳಗೆ ತೂರಿಸುತ್ತಾರೆ. ಮೇಲೆ ಬಿರಡೆ, ಅದಕ್ಕೆ ಸರೇಸಿನ ಅಂಟು.

ಇಷ್ಟು ಮಾಡುವ ಮನುಷ್ಯನಿಗೆ ಆ ಕೋಲಿನ ಆಟ ನೋಡುವ ಹಕ್ಕಿಲ್ಲ. ಸಾಹೇಬರ ಕ್ಲಬ್ಬಿನ ಹಿತ್ತಲ ಬಾಗಿಲೇ ಅವರಿಗೆ ಗಡಿ. ಒಳಗೆ ಅದೇ ಕೋಲು ಕೈಗೆ ಬಂದವರು “ಕಲ್ಕತ್ತೆಯ ಮಾಲು” ಎಂದು ಹೊಗಳುತ್ತಾರಂತೆ. ಹೊರಗೆ ನಿಂತವರ ಹೆಸರು ಯಾರಿಗೂ ಬೇಕಾಗಿಲ್ಲ.

ಮಾನ್ವಿಯ ಮೌನಪ್ಪನವರದು ತಲೆತಲಾಂತರದಿಂದ ತಕ್ಕಡಿಯ ಕಟ್ಟಿಗೆ ದಂಡಿ ಮಾಡುವ ಮನೆ. ಹೊಸ ದಂಡಿಯನ್ನು ಮೊದಲು ನೀರಮಾನ್ವಿಯ ಎಲ್ಲಮ್ಮನ ಮುಂದೆ ಬರಿದಾಗಿ ತೂಗುಹಾಕಬೇಕು. ಯಾವ ಕಡೆಗೂ ಬಾಗದಿದ್ದರೆ ಮಾತ್ರ ಕಾಯಿ ಒಡೆಯಬೇಕು. ಕಬ್ಬಿಣದ ದಂಡಿಗಳು ಬಂದವು, ಮನೆಯ ಕಸುಬು ಮುರಿಯಿತು. ಹೊಟ್ಟೆಪಾಡಿಗೆ ರಾಯಚೂರಿಗೆ ಬಂದವರಿಗೆ ಕ್ಲಬ್ಬಿನ ಕೋಲು ಬಿಟ್ಟರೆ ಬೇರೆ ಕೆಲಸ ದಕ್ಕಲಿಲ್ಲ.

ಮೊದಲ ಕೋಲಿಗೆ ಅವರು ಹೊಕ್ಕಳ ಇಟ್ಟದ್ದು ನಟ್ಟನಡುವೆ. ದಂಡಿ ಮಾಡಿದ ಕೈ ಇನ್ನೆಲ್ಲಿ ಇಟ್ಟೀತು? ಒಳಗಿನ ನಗು ಹಿತ್ತಲವರೆಗೆ ಕೇಳಿಸಿತು.

“ಶೇಂಗಾ ತೂಗಾಕ ಬಂದೀವೇನು ಅಂತ ನಕ್ಕರ್ರೀ. ನಗಲಿ. ಒಂದ್ಸಲ ಆಟ ತೋರಸ್ರೀ ಅಂದ್ರ ತೋರಸಲಿಲ್ಲ, ಅದಕ್ಕ ನನಗ ಸಿಟ್ಟು,” ಎನ್ನುತ್ತಾರೆ ಮೌನಪ್ಪ. ಕೊನೆಗೆ ಕ್ಲಬ್ಬಿನ ಆಳು ಗುಲಾಮ್ ದಸ್ತಗೀರ್ ಹಿತ್ತಲ ಹಾಸುಗಲ್ಲಿನ ಮೇಲೆ ನಿಂಬೆಹಣ್ಣು ಉರುಳಿಸಿ, ಕೋಲಿನಿಂದ ಕುಟ್ಟಿ ತೋರಿಸಿದ. ಹಿಡಿಯುವ ಕೈ ಬುಡದ ಕಡೆ, ಭಾರವೂ ಅಲ್ಲೇ ಇರಬೇಕೆಂದು ಆಗ ತಿಳಿಯಿತು.

ಆದರೆ ಸೀಸ ಹಾಕುವುದಕ್ಕೆ ಮನೆಯಲ್ಲೇ ಅಡ್ಡಿ ಬಂತು. ದಂಡಿ ಮಾಡುವವರ ಮನೆಯಲ್ಲಿ ಕಟ್ಟಿಗೆಯ ಹೊಟ್ಟೆಗೆ ಸೀಸ ಇಡುವುದೆಂದರೆ ಕಳ್ಳತನ. ಹೆಂಡತಿ ದುರುಗಮ್ಮ ಒಲೆ ಹಚ್ಚಲಿಲ್ಲ.

“ಆಟದ ಕೋಲು ಬೇ, ತಕ್ಕಡಿ ಅಲ್ಲ!”

“ಆಟದ್ದರ ಇರಲಿ, ಊಟದ್ದರ ಇರಲಿ. ಮುಚ್ಚಿ ಇಟ್ಟಿದ್ದು ಮುಚ್ಚಿ ಇಟ್ಟಿದ್ದೇ.”

ಅಂದಿನಿಂದ ಕರಿಬೀಟೆಯ ಹಿಡಿಗೆ ಬಿಳಿ ಕಟ್ಟಿಗೆಯ ಬಿರಡೆ. ಒಳಗೆ ಸೀಸ ಇದೆ ಎಂಬುದು ನೋಡಿದವರಿಗೆ ತಿಳಿಯಲಿ ಎಂದು. ಚೆಂದ ಕೆಡುತ್ತದೆ, ಕರಿ ಬಿರಡೆ ಹಾಕು ಎಂದು ಕ್ಲಬ್ಬಿನವರು ಗದರಿದರೂ ಮೌನಪ್ಪ ಜಗ್ಗಿಲ್ಲ.

ಇವತ್ತು ಬಿಸಿಲು ಚಪ್ಪರಕ್ಕೆ ಇಳಿಯುವ ಹೊತ್ತಿಗೆ ದಸ್ತಗೀರನ ಹಿಂದೆಯೇ ದೇವದುರ್ಗದ ಶೇಂಗಾ ವ್ಯಾಪಾರಿ ಬೂದೆಪ್ಪ ಬರುತ್ತಾನೆ. ಕ್ಲಬ್ಬಿನಲ್ಲಿ ಅವನ ಮಾತು ನಡೆಯುತ್ತದೆ. ಸೀಸ ಇಳಿದ ಮೇಲೆ ಕುಣಿಕೆಯಲ್ಲಿ ನೆಟ್ಟಗೆ ನಿಂತ ಕೋಲನ್ನು ಸುತ್ತಿ ಸುತ್ತಿ ನೋಡುತ್ತಾನೆ.

“ಹೊಕ್ಕಳ ನಡುವ ಇಲ್ಲ, ಆದ್ರೂ ನಿಂತದ! ಭಲೇ. ನನಗೊಂದು ಕಟಗಿ ದಂಡಿ ಮಾಡಿಕೊಡೋ.”

ಎಷ್ಟೋ ಕಾಲದ ಮೇಲೆ ದಂಡಿ ಕೇಳಿಕೊಂಡು ಬಂದ ಗಿರಾಕಿ. ಮೌನಪ್ಪನ ಮುಖ ಅರಳುತ್ತದೆ. “ಮಾಡೋಣ್ರೀ ಸಾವ್ಕಾರ್ರ. ಎಷ್ಟುದ್ದ?”

“ಉದ್ದ ನಿನಗ ಬಿಟ್ಟದ್ದು. ಹೊಕ್ಕಳ ಮಾತ್ರ ಒಂದ ಬೆರಳು ಸರಿಸು. ಗಿಡ್ಡ ಕಡಿ ಸೀಸ ತುಂಬಿ ಕರಿ ಬಿರಡಿ ಜಡಿ. ಬರಿ ತಕ್ಕಡಿ ನೆಟ್ಟಗ ನಿಂತ್ರ ಸಾಕು.”

ಅರಳಿದ ಮುಖ ಹಾಗೆಯೇ ಕಪ್ಪಿಡುತ್ತದೆ. ಅಂಥ ದಂಡಿ ಬರಿದಾಗಿರುವಾಗ ಸಾಧು. ಗಿಡ್ಡ ಕಡೆಯ ತಟ್ಟೆಗೆ ರೈತ ಎಷ್ಟು ಸುರಿದರೂ ಕಡಿಮೆಯೇ ತೂಗುತ್ತದೆ. ದೇವದುರ್ಗದ ಹತ್ತಿರದ ಜಾಲಹಳ್ಳಿಗೆ ಕೊಟ್ಟ ತಂಗಿ ಕರೆಮ್ಮ ವರ್ಷವರ್ಷವೂ ಶೇಂಗಾ ಹೊತ್ತು ತರುವುದು ಇದೇ ಬೂದೆಪ್ಪನ ಅಂಗಡಿಗೆ. ಬೆನ್ನು ಬಗ್ಗಿಸಿ ಬೆಳೆದವಳ ಕಣ್ಣೆದುರೇ ಅವಳ ಕಾಳು ಕದಿಯಲು ಅಣ್ಣನ ಕೈಯೇ ಬೇಕಂತೆ!

“ಎಲ್ಲಮ್ಮನ ಮುಂದ ತೂಗಿದ್ರೂ ಕಳವು ಸಿಗಂಗಿಲ್ಲಲೇ,” ಎಂದು ಬೂದೆಪ್ಪ ನಗುತ್ತಾನೆ.

“ಆಕಿ ಹೆಸರು ಆ ಬಾಯಾಗ ಬ್ಯಾಡ.”

“ಹಂಗೇನು? ನಾಳಿಂದ ಕ್ಲಬ್ಬಿನ ಒಂದ ಕೋಲೂ ಈ ಕಡಿ ಬರಂಗಿಲ್ಲ ನೋಡ.”

ಚಪ್ಪರದ ಹಿಂದಿನ ಮನೆಯಲ್ಲಿ ಜೋಳ ಕೇರುತ್ತಿದ್ದ ದುರುಗಮ್ಮನ ಮೊರ ನಿಲ್ಲುತ್ತದೆ. ದಸ್ತಗೀರ್ ಮೆಲ್ಲಗೆ ತೋಳು ಹಿಡಿಯುತ್ತಾನೆ. “ಅರೇ ಮೌನಪ್ಪಣ್ಣ, ಸದ್ಯಕ್ಕ ಹೂಂ ಅನ್ನು. ಆಮ್ಯಾಲ ನೋಡೋಣಂತ.”

ಮೌನಪ್ಪ ತೋಳು ಬಿಡಿಸಿಕೊಳ್ಳುತ್ತಾರೆ. ಕುಣಿಕೆಯಿಂದ ಕೋಲನ್ನು ಇಳಿಸಿ ದಸ್ತಗೀರನ ಕೈಗೆ ಕೊಡುತ್ತಾರೆ.

“ಇದು ತಯಾರದ, ಒಯ್ಯಿ. ಸಾವ್ಕಾರ್ರ, ಆ ದಂಡಿ ನಾ ಮಾಡಂಗಿಲ್ಲ. ಇಲ್ಲಿಂದ ನಡೀರಿ.”