ಉಂಗುರದ ಬೆರಳು

ವಡಿವಕ್ಕನ ಸೂಜಿಗೆ ನಾನು ಬೆರಳು ಕೊಟ್ಟಿರುವುದು ಸಾವಿರದ ಒಂದು ಸಲ. ಬೇರೆಯವರಿಗೆ ಒಂದು ಹನಿ ಬಂದರೆ ನನಗೆ ಒಂದು ಬಿಂದಿಗೆ. ಪರೀಕ್ಷೆಗೆ ಬಳಸಿ ಮಿಕ್ಕಿದ್ದನ್ನು ಡಬ್ಬಿಗೆ ಹಿಡಿದು ನಾಮಕ್ಕಲ್ಲಿನ ಅರ್ಧ ಲಾರಿಗಳಿಗೆ ಕೆಂಪು ಬಳಿದಿದ್ದೇನೆ. ಲಾರಿಗಳ ಮೈಮೇಲೆ ಹೆಸರು ಬರೆಯುವುದು ನನ್ನ ಕಸುಬು. ನನ್ನ ಹೆಸರು ಸೆಂಗೋಡನ್. ಈ ವಾರ ಮಾತ್ರ ಕಾಗದದ ಮೇಲೆ ಬರೆಯುತ್ತಿದ್ದೇನೆ, ವಡಿವಕ್ಕನಿಗಾಗಿ.

ಬೆಳಗಿನ ಐದೂವರೆ. ಕೇರಳಕ್ಕೆ ಮೊಟ್ಟೆ ಒಯ್ಯುವ ಲಾರಿಗಳಿಗೆ ಹಗ್ಗ ಬಿಗಿಯುತ್ತಿದ್ದಾರೆ. ಬೇವಿನ ಮರದಡಿ ವಡಿವು ಮಡಚುವ ಮೇಜು ಬಿಚ್ಚಿ, ಹತ್ತಿ, ಸೂಜಿ, ಎಚ್‌ಐವಿ ಪರೀಕ್ಷೆಯ ಪಟ್ಟಿಗಳನ್ನು ಸಾಲಾಗಿ ಇಡುತ್ತಾಳೆ. ವಯಸ್ಸು ನಲವತ್ತಾರು. ಅವಳು ತಿರುನಂಗೈ, ಮಂಗಳಮುಖಿಯರನ್ನು ನಾವು ತಮಿಳಿನಲ್ಲಿ ಹಾಗೆನ್ನುತ್ತೇವೆ. ಮುಡಿಯಲ್ಲಿ ಕನಕಾಂಬರ ಇಲ್ಲದೆ ಅವಳು ಸೂಜಿ ಮುಟ್ಟುವುದಿಲ್ಲ.

ಅವಳನ್ನು ಸಾಕಿದ ಸೆಂಬಗಮ್ಮನೂ ತಿರುನಂಗೈ, ಇದೇ ಕಾಯಿಲೆಯಲ್ಲಿ ಹೋದಳು. "ಆಸ್ಪತ್ರೇಲಿ ಎರಡು ಸಾಲು ಅಣ್ಣಾ. ಗಂಡಸರ ಸಾಲಲ್ಲಿ ನಿಂತ್ರೆ ನಕ್ಕರು, ಹೆಂಗಸರ ಸಾಲಲ್ಲಿ ನಿಂತ್ರೆ ಬೈದರು. ಅಮ್ಮ ಸುಮ್ನೆ ಮನೆಗೆ ಬಂದುಬಿಟ್ಟಳು. ಕೊನೆಗೆ ಕಾಯಿಲೆ ಏನೂಂತ ಗೊತ್ತಾದಾಗ ಮಾತ್ರೆ ನುಂಗೋ ಶಕ್ತೀನೂ ಇರಲಿಲ್ಲ."

ಜನ ಆಸ್ಪತ್ರೆಗೆ ಬರದಿದ್ದರೆ ಪರೀಕ್ಷೆಯೇ ಜನರ ಬಳಿ ಹೋಗಲಿ, ಮಾಡುವವರೂ ಆ ಜನರ ನಡುವಿನವರೇ ಆಗಿರಲಿ ಎಂಬ ಯೋಜನೆ ಬಂದಾಗ ವಡಿವು ತರಬೇತಿಗೆ ಹೋದಳು. ಬೆಳಿಗ್ಗೆ ಡ್ರೈವರುಗಳು, ಎಂಟರ ನಂತರ ಬೈಪಾಸಿನಲ್ಲಿ ಗಿರಾಕಿಗಳಿಗೆ ಕಾಯುವ ಹೆಂಗಸರು. ಪಟ್ಟಿಯಲ್ಲಿ ಸೋಂಕಿನ ಸುಳಿವಾದ ಎರಡನೇ ಗೆರೆ ಮೂಡಿದವರನ್ನು ಮಧ್ಯಾಹ್ನ ತಾನೇ ಬಸ್ಸು ಹತ್ತಿಸಿ ಆಸ್ಪತ್ರೆಯ ದೊಡ್ಡ ಪರೀಕ್ಷೆಗೆ ಕರೆದೊಯ್ಯುತ್ತಾಳೆ. ಒಂಬತ್ತು ವರ್ಷಗಳಲ್ಲಿ ಮೂರು ಸಾವಿರದ ಇನ್ನೂರ ಹದಿನೇಳು ಬೆರಳು. ಈ ಲೆಕ್ಕ ಅವಳ ಪುಸ್ತಕದ್ದು, ನನ್ನದಲ್ಲ, ನಂಬಬಹುದು.

ಈಗ ಯೋಜನೆಯ ಕಚೇರಿಯಿಂದ ಪತ್ರ ಬಂದಿದೆ. ಈ ತಿಂಗಳು ಅರವತ್ತು ಬೆರಳು ಆಗದಿದ್ದರೆ ಮೇಜು ಆಸ್ಪತ್ರೆಯೊಳಕ್ಕೆ. ಉಳಿದಿರುವುದು ನಾಲ್ಕು ದಿನ, ಆಗಿರುವುದು ನಲವತ್ತೊಂದು. ಅದಕ್ಕೇ ನನ್ನ ಈ ಬರಹ. "ನಂಗೆ ಸನ್ಮಾನ ಗಿನ್ಮಾನ ಬೇಡ. ಮೇಜು ಈ ಮರದಡೀಲೇ ಇರಲಿ, ಸಾಕು," ಎನ್ನುತ್ತಾಳೆ.

ಡ್ರೈವರ್ ಕಾಳಿಯಣ್ಣನ್ ಬಂದು ಕೂರುತ್ತಾನೆ. ಕೂತರೂ ಕಣ್ಣು ಲಾರಿಯ ಮೇಲೇ.

"ಹೆಸರು ಬರೀತೀಯಾ ಅಕ್ಕಾ? ಓನರ್‌ಗೆ ಗೊತ್ತಾದ್ರೆ ಗಾಡಿ ಕಿತ್ಕೋತಾನೆ."

"ಹೆಸರು ಯಾರಿಗೆ ಬೇಕೋ? ನಂಬರ್ ಸಾಕು. ಲಾರಿ ನಂಬರ್ ಹೇಳಬೇಡ ಮತ್ತೆ, ಹೋದ ವಾರ ಒಬ್ಬ ಅದನ್ನೇ ಹೇಳಿದ್ದ. ನಾನು ಕೊಡೋ ನಂಬರು."

ಸಹಾಯ ಮಾಡೋಣವೆಂದು ನಾನು ಬಾಯಿ ಹಾಕುತ್ತೇನೆ. "ಕೊಡೋ ಕೈ! ನನ್ನ ಹೆಬ್ಬೆರಳಿಗೇ ಸಾವಿರ ಸಲ ಚುಚ್ಚಿಸ್ಕೊಂಡಿದ್ದೀನಿ. ಇರುವೆ ಕಚ್ಚಿದಂಗೆ!"

ವಡಿವು ಅವನ ಎಡಗೈಯ ಉಂಗುರದ ಬೆರಳನ್ನು ಹತ್ತಿಯಿಂದ ಒರೆಸುತ್ತಿದ್ದಾಳೆ. "ನಂಗ್ಯಾಕೆ ಈ ಬೆರಳು?" ಎನ್ನುತ್ತಾನೆ ಅವನು.

"ಎಲ್ಲಾರಿಗೂ ಇದೇ. ಹೆಬ್ಬೆರಳು ಸ್ಟೇರಿಂಗ್‌ಗೆ ಬೇಕಲ್ಲ? ಇದೊಂದೇ ಸೋಮಾರಿ..." ಅಂದವಳೇ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಕಾಳಿಯಣ್ಣನ್ ನನ್ನ ಕಡೆ ತಿರುಗುತ್ತಾನೆ. "ಹೆಬ್ಬೆರಳು ಅಂದ್ರಲ್ಲ? ಅಂದ್ರೆ ನೀವು ಒಂದ್ಸಲಾನೂ ಮಾಡಿಸ್ಕೊಂಡಿಲ್ಲ! ಊರಿಗೆಲ್ಲ ಹೇಳೋರು ನೀವೇ ಹೆದರ್ತೀರಾ?" ಬೆರಳು ಮಡಚಿ ಎದ್ದೇಬಿಡುತ್ತಾನೆ.

"ನಿಂಗೆ ಗೊತ್ತಿತ್ತಾ?" ಎಂದು ವಡಿವುವನ್ನು ಕೇಳುತ್ತೇನೆ.

"ಒಂಬತ್ತು ವರ್ಷದಿಂದ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಯಾರು ಮಾಡಿಸ್ಕೊಂಡ್ರು ಅಂತ ಹೇಳಬಾರದು ಅಣ್ಣಾ. ಯಾರು ಮಾಡಿಸ್ಕೊಂಡಿಲ್ಲ ಅಂತಾನೂ ಹೇಳಬಾರದು."

ಸಾವಿರದ ಒಂದರಲ್ಲಿ ಒಂದೂ ಇಲ್ಲ. ಬಣ್ಣದ ಡಬ್ಬಿ ಹಿಡಿಯುವ ಮುಂಚೆ ಹನ್ನೊಂದು ವರ್ಷ ನಾನೂ ಲಾರಿ ಓಡಿಸಿದವನು. ಆ ವರ್ಷಗಳಲ್ಲಿ ಎಲ್ಲೆಲ್ಲಿ ನಿಲ್ಲಿಸಿದ್ದೆ ಎಂಬುದು ನನಗೆ ಗೊತ್ತು. ಆ ಭಯ ಮುಚ್ಚಲೆಂದೇ ಊರಿಗೆಲ್ಲ ಧೈರ್ಯ ಹಂಚುತ್ತಿದ್ದೆ. ಕಾಳಿಯಣ್ಣನ ತೋಳು ಹಿಡಿದು ಇಷ್ಟನ್ನೂ ಹೇಳುತ್ತೇನೆ. ಅವನು ಕೂರುವುದಿಲ್ಲ, ಹೋಗುವುದೂ ಇಲ್ಲ. ನಾನು ಎಡಗೈಯನ್ನು ಮೇಜಿನ ಮೇಲಿಡುತ್ತೇನೆ. ವಡಿವು ಉಂಗುರದ ಬೆರಳನ್ನು ಒರೆಸಿ ಸೂಜಿ ಎತ್ತಿಕೊಳ್ಳುತ್ತಾಳೆ.

ನಿಜ ಹೇಳುತ್ತೇನೆ: ಬಂದದ್ದು ಒಂದೇ ಹನಿ.